ಪಾಠದ ಫಲ ಮುಂದಿನ ವರ್ಷ ಕಾಣುತ್ತದೆ, ಸಚಿವರೇ

ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ



ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆಂದು ಒಂದು ಕೋಷ್ಟಕವಿದೆ. ವಹಿಸಿದ ತರಗತಿಗಳಲ್ಲಿ ಶೇ 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರ ಬೋಧನೆ ಉತ್ತಮ. ಶೇ 70ರಿಂದ 80ರ ನಡುವೆ ಇದ್ದರೆ ತೃಪ್ತಿಕರ. ಅದಕ್ಕೂ ಕೆಳಗಿಳಿದರೆ ತೃಪ್ತಿಕರವಲ್ಲ. ಪಾಠದ ಗುಣದ ಬಗ್ಗೆ ಆ ಕೋಷ್ಟಕಕ್ಕೆ ಗೊತ್ತಿರುವುದು ಇಷ್ಟೇ. ವರ್ಷವಿಡೀ ಗೈಡು ಹಿಡಿದು ನೋಟ್ಸ್ ಬರೆಸಿದವರೂ, ಹುಡುಗರು ಮನೆಗೆ ಹೋದ ಮೇಲೂ ಜಗಳವಾಡುವಂಥ ಒಂದು ಪ್ರಶ್ನೆ ಎತ್ತಿದವರೂ ಅಲ್ಲಿ ಅಕ್ಕಪಕ್ಕ ಕೂರುತ್ತಾರೆ. ಹಾಜರಿ ಸರಿಯಿದ್ದರೆ ಆಯಿತು.

ಇದು ದೆಹಲಿಯವರು ಮಾಡಿದ ನಿಯಮ, ನನ್ನನ್ನೇಕೆ ಕೇಳುತ್ತೀರಿ ಎಂದು ನೀವು ಹೇಳಬಹುದು. 2025ರ ಜನವರಿಯಲ್ಲಿ ಆಯೋಗ ಹೊಸ ಕರಡು ಹೊರಡಿಸಿದಾಗ ಕರ್ನಾಟಕ ಸುಮ್ಮನೆ ಕೂರಲಿಲ್ಲ. ಫೆಬ್ರವರಿ ಮೊದಲ ವಾರದಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರನ್ನು ಬೆಂಗಳೂರಿಗೆ ಕರೆಸಿ ವಿರೋಧ ದಾಖಲಿಸಿತು. ಕುಲಪತಿಗಳನ್ನು ಯಾರು ಆರಿಸಬೇಕು ಎಂಬ ವಿಷಯದಲ್ಲಿ ರಾಜ್ಯದ ವಾದ ನ್ಯಾಯವಾದದ್ದೆಂದೇ ನನ್ನ ಭಾವನೆ. ಆದರೆ ಅದೇ ಕರಡಿನಲ್ಲಿ ಅಧ್ಯಾಪಕರಿಗೆ ಒಂಬತ್ತು ಬಗೆಯ 'ವಿಶೇಷ ಕೊಡುಗೆ'ಗಳ ಪಟ್ಟಿಯಿತ್ತು, ಬಡ್ತಿಗೆ ಅದರಲ್ಲಿ ನಾಲ್ಕಾದರೂ ಇರಬೇಕಿತ್ತು. ಹೊಸ ಬಗೆಯ ಬೋಧನೆ ಆ ಒಂಬತ್ತರಲ್ಲಿ ಒಂದು. ಅಂದರೆ ಪಾಠ ಹೇಳುವ ಕೆಲಸಕ್ಕೆಂದೇ ಸಂಬಳ ಪಡೆಯುವವರಿಗೆ ಒಳ್ಳೆಯ ಪಾಠ ಐಚ್ಛಿಕ ವಿಷಯ! ಇದರ ಮೇಲೆ ದೆಹಲಿಯೂ ಬೆಂಗಳೂರೂ ಜಗಳವಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನಾನು ಹಾಸನ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಹೇಳಿ ನಿವೃತ್ತನಾದವನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಕಡೆಯ ಹುಡುಗ ಹುಡುಗಿಯರ ಉತ್ತರಪತ್ರಿಕೆ ತಿದ್ದಿದ್ದೇನೆ. ನಿಮ್ಮಲ್ಲಿ ಕೇಳಬೇಕಾದ್ದು ಒಂದೇ ಇದೆ. ಅದಕ್ಕೆ ಬರುವ ಮೊದಲು ಒಳ್ಳೆಯ ಪಾಠ ಅಂದರೆ ನಾನು ಏನನ್ನು ಅನ್ನುತ್ತೇನೆ ಎಂಬುದನ್ನು ಹೇಳಿಬಿಡುತ್ತೇನೆ. ಅದಿಲ್ಲದೆ ಈ ಪತ್ರವೂ ನಿಮ್ಮ ಮೇಜಿನ ಮೇಲಿನ ಇನ್ನೊಂದು ಮನವಿಯಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ತೊಂದರೆಯಾಗುವುದು ಅಲ್ಲಿ ಪಾಠ ಹೇಳುತ್ತಿದ್ದವರಿಗೇ. ಬಿ.ಕಾಂ. ಎರಡನೇ ವರ್ಷ, ಪರಿವ್ಯಯ ಲೆಕ್ಕಶಾಸ್ತ್ರದ ತರಗತಿ. ಪಠ್ಯದಲ್ಲಿರುವುದು ಯಾವುದೋ ಕಾರ್ಖಾನೆಯ ಕಾಸ್ಟ್ ಶೀಟ್: ಕಚ್ಚಾವಸ್ತು ಇಷ್ಟು, ಕೂಲಿ ಇಷ್ಟು, ಮೇಲುಖರ್ಚು ಇಷ್ಟು. ಕಾರ್ಖಾನೆಯ ಗೇಟನ್ನೇ ನೋಡದ ಮಕ್ಕಳು ಅದನ್ನು ಬಾಯಿಪಾಠ ಮಾಡಿ ನೂರಕ್ಕೆ ಅರವತ್ತು ತೆಗೆಯುತ್ತಾರೆ. ಆ ಉಪನ್ಯಾಸಕಿ ಒಂದು ದಿನ, ನಾಳೆ ಬರುವಾಗ ನಿಮ್ಮ ಮನೆಯ ಡೇರಿ ಪಾಸ್‌ಬುಕ್ ತನ್ನಿ ಎಂದರು. ಮುಕ್ಕಾಲು ತರಗತಿ ತಂದಿತು. ಹಾಸನ ಹಾಲು ಒಕ್ಕೂಟಕ್ಕೆ ಹಾಲು ಹಾಕದ ಹಳ್ಳಿ ನಮ್ಮಲ್ಲಿ ಹುಡುಕಬೇಕು.

ಪ್ರಶ್ನೆ ಇದು: ನಿಮ್ಮ ಮನೆಯಲ್ಲಿ ಒಂದು ಲೀಟರ್ ಹಾಲಿಗೆ ಬೀಳುವ ಖರ್ಚೆಷ್ಟು? ಹಿಂಡಿ, ಬೂಸಾ, ಔಷಧಿ ಬರೆದರು. ಹಸು ಕೊಂಡ ಸಾಲದ ಬಡ್ಡಿ ಬರೆದರು. ಗಬ್ಬವಾಗಿ ಹಾಲು ಬತ್ತಿದ ತಿಂಗಳುಗಳ ಮೇವನ್ನು ಯಾವ ಲೀಟರಿನ ಮೇಲೆ ಹಾಕುವುದು ಎಂದು ಒಬ್ಬ ಕೇಳಿದ. ಹಸುವಿಗೆ ವಯಸ್ಸಾಗಿ ಬೆಲೆ ಇಳಿಯುವುದನ್ನು ಎಲ್ಲಿ ತೋರಿಸುವುದು ಎಂದು ಇನ್ನೊಬ್ಬಳು. ಸವಕಳಿ ಎಂಬ ಅಧ್ಯಾಯ ತಾನಾಗಿ ಬಂದು ನಿಂತಿತು. ಆಮೇಲೆ ಬಂತು ನಿಜವಾದ ತಕರಾರು. ಬೆಳಗಿನ ಐದಕ್ಕೆ ಎದ್ದು ಸಗಣಿ ಬಾಚಿ ಹಾಲು ಕರೆಯುವ ಅವ್ವನ ಕೂಲಿ ಬರೆಯಬೇಕೋ ಬೇಡವೋ? ಯಾರೂ ಕೊಡದ ಕೂಲಿಯನ್ನು ಬರೆಯುವುದು ಹೇಗೆ ಎಂದಿತು ಅರ್ಧ ತರಗತಿ. ಬರೆಯದಿದ್ದರೆ ಲಾಭ ಅನ್ನುವುದು ಸುಳ್ಳು ಎಂದಿತು ಉಳಿದರ್ಧ. ಉಪನ್ಯಾಸಕಿ ತೀರ್ಪು ಕೊಡಲಿಲ್ಲ. ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ತನ್ನಿ ಎಂದರು. ಫ್ಯಾಟು 3.5, ಎಸ್‌ಎನ್‌ಎಫ್ 8.5 ಬಂದ ಹಾಲಿಗೆ ಡೇರಿ ಕೊಡುವ ದರ ಸೇರಿಸಿ, ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನವನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ನೋಡಿ ಎಂದರು. ಬಟವಾಡೆಯ ದಿನ ಮನೆಗೆ ಬರುವ ದುಡ್ಡು ಲಾಭವೋ ಅವ್ವನ ಕೂಲಿಯೋ ಎಂಬ ಚರ್ಚೆ ಕೆಲವು ಮನೆಗಳ ಜಗಲಿಗೂ ಹೋಯಿತಂತೆ.

ನನಗೆ ಬಹಳ ಹಿಡಿಸಿದ್ದು ಅದರ ನಂತರದ ಕೆಲಸ. ಕಿರುಪರೀಕ್ಷೆಯಲ್ಲಿ ಅವರು ಹಾಲನ್ನು ಕೇಳಲೇ ಇಲ್ಲ. ರಾಮನಾಥಪುರದ ಹರಾಜು ಕಟ್ಟೆಗೆ ಹೋಗುವ ಹೊಗೆಸೊಪ್ಪು, ಅದನ್ನು ಹದ ಮಾಡುವ ಬ್ಯಾರನ್, ಸೌದೆಯ ಖರ್ಚು, ಎರಡು ವರ್ಷಕ್ಕೊಮ್ಮೆ ಮಾಡಿಸುವ ರಿಪೇರಿ, ಇವನ್ನು ಕೊಟ್ಟು ಒಂದು ಕೆ.ಜಿ.ಗೆ ಬೀಳುವ ಖರ್ಚು ಹೇಳಿ ಎಂದರು. ಹಾಲಿನಲ್ಲಿ ಕಲಿತದ್ದನ್ನು ಹೊಗೆಸೊಪ್ಪಿಗೆ ಹಚ್ಚಲು ಬಂದವರು ಎಷ್ಟು ಮಂದಿ ಎಂದು ನೋಡಿದರು. ತಪ್ಪಿದವರ ಹಾಳೆಯ ಅಂಚಿನಲ್ಲಿ ಎಲ್ಲಿ ಜಾರಿದರೆಂದು ಎರಡು ಸಾಲು ಕನ್ನಡದಲ್ಲಿ ಬರೆದು ವಾಪಸು ಕೊಟ್ಟರು. ಎಷ್ಟೋ ವಿದ್ಯಾರ್ಥಿಗಳು ತಾವು ಬರೆದ ಹಾಳೆಯನ್ನು ತಿದ್ದಿದ ಮೇಲೆ ಕಾಣುವುದೇ ಇಲ್ಲ, ಕಾಣುವುದು ಅಂಕ ಮಾತ್ರ.

ಒಳ್ಳೆಯ ಪಾಠಕ್ಕೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ವಿವರಣೆ ಇಲ್ಲ. ವಿಷಯದ ಗಟ್ಟಿ ಹಿಡಿತ, ಮಕ್ಕಳು ಎಲ್ಲಿಂದ ಬಂದಿದ್ದಾರೆಂಬ ಅರಿವು, ಅವರ ತಪ್ಪನ್ನು ಓದುವ ತಾಳ್ಮೆ, ಕಲಿತದ್ದು ಬೇರೆ ವೇಷದಲ್ಲಿ ಎದುರಾದರೆ ಗುರುತಿಸಬಲ್ಲರೇ ಎಂಬ ಪರೀಕ್ಷೆ. ಇದು ಹಳ್ಳಿ ಕಾಲೇಜಿಗೆ ಮಾತ್ರ ಬೇಕಾದ ಔಷಧವೆಂದು ಯಾರೂ ತಿಳಿಯಬಾರದು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳಿಗೆ ಬಲ ಮತ್ತು ಚಲನೆಯ ಬಗ್ಗೆ ದಿನಬಳಕೆಯ ಭಾಷೆಯಲ್ಲಿ ಸರಳ ಪ್ರಶ್ನೆಗಳನ್ನು ಕೊಟ್ಟರು. ಸೂತ್ರ ಹಾಕಿ ಕಷ್ಟದ ಲೆಕ್ಕ ಬಿಡಿಸುತ್ತಿದ್ದವರೇ ಅಲ್ಲಿ ತಡವರಿಸಿದರು. ಇದಕ್ಕೆ ನೀವು ಕಲಿಸಿದಂತೆ ಉತ್ತರ ಬರೆಯಬೇಕೋ, ನಾನು ಯೋಚಿಸುವಂತೆ ಬರೆಯಬೇಕೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳೆಂದು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರು ಭಾಷಣ ಕಡಿಮೆ ಮಾಡಿ, ಪಕ್ಕದವರ ಜೊತೆ ವಾದಿಸಿ ಉತ್ತರ ಕಂಡುಕೊಳ್ಳುವ ಬೋಧನಾಕ್ರಮ ರೂಪಿಸಿದರು. ಇದೇ ಬಗೆಯ 225 ಅಧ್ಯಯನಗಳನ್ನು ಒಟ್ಟು ಮಾಡಿ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನಪಾಸಾಗುವ ಸಾಧ್ಯತೆ ಒಂದೂವರೆ ಪಟ್ಟು.

ಸರಿ, ಇಂಥ ಪಾಠವನ್ನು ಗುರುತಿಸುವುದು ಹೇಗೆ? ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ಫಾರಂ ತುಂಬಿಸುತ್ತೇವಲ್ಲ ಎನ್ನುತ್ತದೆ ನಿಮ್ಮ ಇಲಾಖೆ. ಇದಕ್ಕೊಂದು ಉತ್ತರ ಅಮೆರಿಕದ ವಾಯುಪಡೆಯ ಅಕಾಡೆಮಿಯಿಂದ ಬಂದಿದೆ. ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕ ಎಂಬುದು ಅಲ್ಲಿ ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, ಪರೀಕ್ಷೆ ಎಲ್ಲರಿಗೂ ಒಂದೇ. ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಇಟ್ಟುಕೊಂಡು ಕ್ಯಾರೆಲ್ ಮತ್ತು ವೆಸ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅನುಭವ ಕಡಿಮೆಯಿದ್ದ ಅಧ್ಯಾಪಕರ ಮಕ್ಕಳು ಆ ವರ್ಷದ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು, ಫಾರಂನಲ್ಲೂ ಮೇಷ್ಟ್ರನ್ನು ಹೊಗಳಿದರು. ಆದರೆ ಅದೇ ವಿಷಯದ ಮುಂದಿನ ಹಂತಕ್ಕೆ ಹೋದಾಗ ಹಿಂದೆ ಬಿದ್ದರು. ಅನುಭವಸ್ಥರ ಕೈಯಲ್ಲಿ ಕಲಿತವರು, ಅಂದರೆ ಮೊದಲ ವರ್ಷ ಗೊಣಗಿದವರು, ಮುಂದಿನ ಹಂತದಲ್ಲಿ ಮೇಲೆ ಬಂದರು.

ಪಾಠದ ಫಲ ಮುಂದಿನ ವರ್ಷ ಕಾಣುತ್ತದೆ, ಸಚಿವರೇ. ನಿಮ್ಮ ಇಲಾಖೆಯ ನೇಮಕಾತಿ ಆದೇಶ ಈ ವರ್ಷಕ್ಕೇ ಮುಗಿಯುತ್ತದೆ.

ಡೇರಿ ಪಾಸ್‌ಬುಕ್ ತರಿಸಿದ ಆ ಉಪನ್ಯಾಸಕಿ ಅತಿಥಿ ಉಪನ್ಯಾಸಕಿ, ಅಂದರೆ ವರ್ಷ ವರ್ಷ ಹೊಸ ಆದೇಶಕ್ಕೆ ಕಾಯುವವರು. ಮರುವರ್ಷದ ಕೌನ್ಸೆಲಿಂಗ್‌ನಲ್ಲಿ ಅವರಿಗೆ ಆ ಕಾಲೇಜು ಸಿಗಲಿಲ್ಲ. ಮಕ್ಕಳು ಮೂರನೇ ವರ್ಷಕ್ಕೆ ಹೋದರು, ಅವರು ಬೇರೆ ತಾಲ್ಲೂಕಿಗೆ ಹೋದರು. ತಾನು ಹೇಳಿದ ಪಾಠ ಮುಂದೆ ಏನಾಯಿತೆಂದು ನೋಡುವ ಅವಕಾಶ ಅವರಿಗೂ ಇಲ್ಲ, ನಿಮಗೂ ಇಲ್ಲ.

ನಮ್ಮ ಕಡೆ ಶುಂಠಿಗೆ ಹೊಲ ಗುತ್ತಿಗೆ ಕೊಡುವುದನ್ನು ನೀವು ಕೇಳಿರುತ್ತೀರಿ. ಗುತ್ತಿಗೆ ಹಿಡಿದವರು ಒಂದೇ ಬೆಳೆಗೆ ಬರುತ್ತಾರೆ, ಗೊಬ್ಬರ ಔಷಧಿ ಸುರಿಯುತ್ತಾರೆ, ಕಿತ್ತುಕೊಂಡು ಹೊರಡುತ್ತಾರೆ. ಅಂಥ ಹೊಲದಲ್ಲಿ ಯಾರೂ ತೆಂಗಿನ ಸಸಿ ನೆಡುವುದಿಲ್ಲ. ಗುತ್ತಿಗೆದಾರ ಕೆಟ್ಟವನೆಂದಲ್ಲ, ಅವನಿಗೆ ಸಿಕ್ಕಿರುವ ಅವಧಿಯೇ ಅಷ್ಟು.

ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿಗಳು. ಮಂಜೂರಾದ ಹುದ್ದೆಗಳ ಶೇ 20ರಷ್ಟು ಮಾತ್ರ ಅತಿಥಿಗಳಿರಬಹುದು, ತಿಂಗಳಿಗೆ 50,000 ರೂಪಾಯಿವರೆಗೆ ಕೊಡಬಹುದು ಎಂದು ಆಯೋಗ 2019ರಲ್ಲಿ ಹೇಳಿತು. ಹಲವು ತಾಲ್ಲೂಕು ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕಾಯಂ ಮಂದಿಗಿಂತ ಅತಿಥಿಗಳೇ ಹೆಚ್ಚು. 2022ರ ಜನವರಿಯಲ್ಲಿ ಗೌರವಧನ 11,000–13,000 ರೂಪಾಯಿಯಿಂದ 26,000–32,000 ರೂಪಾಯಿಗೆ ಏರಿತು, ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಏರಿತು. ಇಬ್ಬರ ಕೆಲಸ ಒಬ್ಬರಿಗೆ ಹೋಗಿ ಹಲವರು ಮನೆಗೆ ಹೋದರು. 2023ರ ನವೆಂಬರಿನಿಂದ ಮುಷ್ಕರ, 2024ರ ಹೊಸವರ್ಷದಂದು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಸರ್ಕಾರ ಸೇವಾವಧಿ ನೋಡಿ 5,000ದಿಂದ 8,000 ರೂಪಾಯಿ ಸೇರಿಸಿತು, ಆರೋಗ್ಯ ವಿಮೆ ಕೊಡುವುದಾಗಿ ಹೇಳಿತು. ಕೊಟ್ಟದ್ದಕ್ಕೆ ಕೃತಜ್ಞತೆ ಸಲ್ಲಲಿ. ಆದರೆ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಿ, ಕೌನ್ಸೆಲಿಂಗ್ ಕಾದು, ರಜೆಯ ತಿಂಗಳಲ್ಲಿ ದುಡ್ಡಿಲ್ಲದೆ ಕೂರುವ ಪದ್ಧತಿ ಬದಲಾಗಲಿಲ್ಲ. ಕಾಯಂ ನೇಮಕಾತಿಯ ಕಥೆಯೂ ನಿಮಗೆ ಗೊತ್ತು: 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರಿಗೆ ಅಧಿಸೂಚನೆ, 2022ರ ಮಾರ್ಚಿನಲ್ಲಿ ಪರೀಕ್ಷೆ, ಹಿಂದೆಯೇ ಪ್ರಶ್ನೆಪತ್ರಿಕೆ ಸೋರಿಕೆಯ ಪ್ರಕರಣ, ಆದೇಶ ಕೈಸೇರಲು ವರ್ಷಗಳ ಕಾಯುವಿಕೆ.

ಕಾಯಂ ಆದವರೆಲ್ಲ ಒಳ್ಳೆಯ ಮೇಷ್ಟ್ರುಗಳೇ? ಅಲ್ಲ. ಇದನ್ನು ಒಳಗಿನವನಾಗಿ ಹೇಳುತ್ತೇನೆ. 57,700 ರೂಪಾಯಿ ಮೂಲವೇತನದಿಂದ ಶುರುವಾಗುವ ಕೆಲಸ ಹಿಡಿದು, ಮೈಸೂರಿನಲ್ಲಿ ಮನೆ ಮಾಡಿ, ಹೊಳೆನರಸೀಪುರದ ಕಡೆಗೆ ಬರುವ ರೈಲಿನ ವೇಳೆಗೆ ತಕ್ಕಂತೆ ಟೈಮ್‌ಟೇಬಲ್ ಹೊಂದಿಸಿಕೊಂಡು, ಇಪ್ಪತ್ತು ವರ್ಷದ ಹಿಂದಿನ ಹಳದಿ ನೋಟ್ಸನ್ನೇ ಓದಿ ಹೇಳುವವರು ಇದ್ದಾರೆ. ಅವರ ಹಾಜರಿ ಶೇ 80 ದಾಟುತ್ತದೆ, ನಿಯಮದ ಕಣ್ಣಿಗೆ ಅವರು ಉತ್ತಮ. ಕಾಯಂ ಆದೇಶ ಕೊಟ್ಟ ಮಾತ್ರಕ್ಕೆ ಪಾಠ ಚೆನ್ನಾಗುತ್ತದೆಂದು ನಾನು ಹೇಳುತ್ತಿಲ್ಲ. ಒಬ್ಬರು ಒಂದು ಕಡೆ ಮೂರು ವರ್ಷವಾದರೂ ನಿಲ್ಲದಿದ್ದರೆ ಅವರ ಪಾಠ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವುದಕ್ಕೇ ಬರುವುದಿಲ್ಲ. ಒಳ್ಳೆಯವರನ್ನು ಗುರುತಿಸುವ ದಾರಿಯನ್ನೂ ಕೆಟ್ಟವರನ್ನು ಹಿಡಿಯುವ ದಾರಿಯನ್ನೂ ನಿಮ್ಮ ಪದ್ಧತಿ ಒಟ್ಟಿಗೇ ಮುಚ್ಚಿದೆ.

ಇನ್ನು ಕಾಲೇಜುಗಳ ಗುಣಮಟ್ಟ ತೂಗುವ ನ್ಯಾಕ್. ಸಂಯೋಜಿತ ಕಾಲೇಜಿಗೆ ಅದು ಇಟ್ಟಿದ್ದ 1,000 ಅಂಕಗಳಲ್ಲಿ ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ 350. ಏಳು ಮಾನದಂಡಗಳಲ್ಲಿ ಅದೇ ದೊಡ್ಡದು, ಉದ್ದೇಶ ಒಳ್ಳೆಯದೇ. ಆದರೆ ಸಾಕ್ಷ್ಯವೆಂದರೆ ಕಡತ, ಪಿಡಿಎಫ್, ಜಿಯೋಟ್ಯಾಗ್ ಫೋಟೋ. ತರಗತಿ ಯಾವ ಅಕ್ಷಾಂಶ ರೇಖಾಂಶದಲ್ಲಿ ನಡೆಯಿತೆಂದು ಆ ಫೋಟೋದಿಂದ ತಿಳಿಯುತ್ತದೆ, ಒಳಗೆ ಏನು ನಡೆಯಿತೆಂದು ತಿಳಿಯುವುದಿಲ್ಲ. ನ್ಯಾಕ್ ತಂಡದ ಭೇಟಿಗೆ ಆರು ತಿಂಗಳಿರುವಾಗಲೇ ಚುರುಕಾದ ಅಧ್ಯಾಪಕರನ್ನೆಲ್ಲ ಪಾಠದಿಂದ ಬಿಡಿಸಿ ಫೈಲು ಕಟ್ಟಲು ಕೂರಿಸುತ್ತಿದ್ದರು. ಉಳಿದ ಸಮಯ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಅಂಕ ತುಂಬುವುದರಲ್ಲಿ ಹೋಗುತ್ತದೆ. ಇಂಗ್ಲೆಂಡಿನವರು 2017ರಲ್ಲಿ ವಿಶ್ವವಿದ್ಯಾಲಯಗಳ ಬೋಧನೆಗೆ ಚಿನ್ನ, ಬೆಳ್ಳಿ, ಕಂಚು ಎಂದು ದರ್ಜೆ ಕೊಡಲು ಹೊರಟರು. ಒಂದು ತರಗತಿಯಲ್ಲೂ ಕೂರದೆ ಅಂಕಿಅಂಶದಿಂದಲೂ ಸಂಸ್ಥೆಗಳ ಲಿಖಿತ ಹೇಳಿಕೆಯಿಂದಲೂ ತೂಗಿ, ಅಲ್ಲಿನ ಮೇಷ್ಟ್ರುಗಳಿಂದ ಬೈಸಿಕೊಂಡರು. ಹಾಗಾಗಿ ಇದು ನಮ್ಮೊಬ್ಬರ ರೋಗವೇನೂ ಅಲ್ಲ.

ಕಟ್ಟಡದ ವಿಷಯದಲ್ಲಿ ಈ ಜಿಲ್ಲೆ ದೂರುವ ಹಾಗಿಲ್ಲ. ಹೊಳೆನರಸೀಪುರದಲ್ಲಿ ಮಹಿಳೆಯರಿಗೆ ಸರ್ಕಾರಿ ಗೃಹವಿಜ್ಞಾನ ಕಾಲೇಜಿದೆ, ಮೊಸಳೆಹೊಸಹಳ್ಳಿಯಂಥ ಊರಿಗೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದಿದೆ. 2023ರಲ್ಲಿ ಹಾಸನಕ್ಕೇ ಒಂದು ವಿಶ್ವವಿದ್ಯಾಲಯ ಬಂತು, ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಗೆ ಹೊಸ ಬೋರ್ಡು ಬಿತ್ತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಹಳೆಯವುಗಳೊಂದಿಗೆ ಸೇರಿಸಬೇಕೆಂಬ ಸಚಿವ ಸಂಪುಟ ಉಪಸಮಿತಿಯ ಶಿಫಾರಸೂ ಬಂತು. ಜಿಲ್ಲೆಯಲ್ಲಿ ಪ್ರತಿಭಟನೆ ಆಯಿತು. ನಾನು ಆ ಬೋರ್ಡಿಗಾಗಿ ಹೋರಾಡುವವನಲ್ಲ. ಅಂಕಪಟ್ಟಿಯ ಮೇಲೆ ಮೈಸೂರು ಎಂದಿದ್ದರೂ ಹಾಸನ ಎಂದಿದ್ದರೂ ಅರಕಲಗೂಡಿನ ಹುಡುಗಿಗೆ ಆಗಸ್ಟ್ ತಿಂಗಳಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಇರಬೇಕು, ಅಷ್ಟೇ. ಇದರ ನಡುವೆ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ನೀತಿ ಯಾವುದು ಸರಿ ಎಂಬ ವಾದ ಇರಲಿ. ಹೊಸ ಪಠ್ಯ ಕೈಗೆ ಬರುವ ದಿನವೂ ಅದನ್ನು ಹೇಳಬೇಕಾದ ಅತಿಥಿಯ ಆದೇಶ ಬರುವ ದಿನವೂ ಎಂದೂ ಕೂಡಿಬರಲಿಲ್ಲ.

2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸು ಹತ್ತಿ ಹಳ್ಳಿಯ ಹೆಣ್ಣುಮಕ್ಕಳು ಟಿಕೆಟ್ಟಿನ ಚಿಂತೆಯಿಲ್ಲದೆ ಪೇಟೆಯ ಕಾಲೇಜಿಗೆ ಬರುತ್ತಿದ್ದಾರೆ. ನಿಮ್ಮ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನು ಮೊದಲಿಗೆ ಬರೆಯುತ್ತೇನೆ. ಅಷ್ಟು ದೂರ ಬಂದ ಹುಡುಗಿಗೆ, ಮೇಷ್ಟ್ರಿಲ್ಲ, ಲೈಬ್ರರಿಗೆ ಹೋಗಿ ಕೂತುಕೊಳ್ಳಮ್ಮ ಎಂದು ಹೇಳಿ ಕಳಿಸುವುದು ಎಂಥ ಆಡಳಿತ?

ಮೇಷ್ಟ್ರ ಕೆಲಸ ಹೀಗಿರದ ಕಾಲವೂ ಇತ್ತು. ಯು.ಆರ್. ಅನಂತಮೂರ್ತಿ ಹಾಸನದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ತತ್ತ್ವಶಾಸ್ತ್ರ ಹೇಳುತ್ತಲೇ 1991ರಲ್ಲಿ ನಿವೃತ್ತರಾದವರು. ವಿಚಾರದಲ್ಲಿ ಎಣ್ಣೆ ಸೀಗೆಕಾಯಿ, ವೃತ್ತಿ ಇಬ್ಬರದೂ ಒಂದೇ. ಓದಿದವನು ಪಾಠ ಹೇಳಿ ಬಾಳಬಹುದು ಎಂಬ ಭರವಸೆ ಆ ಕಾಲಕ್ಕಿತ್ತು. ಅವರು ಇಂದು ಇಪ್ಪತ್ತೈದರ ತರುಣರಾಗಿ ಅರ್ಜಿ ಹಾಕಿದ್ದರೆ ಇಬ್ಬರೂ ಕೌನ್ಸೆಲಿಂಗ್ ಸಾಲಿನಲ್ಲಿ ಒಟ್ಟಿಗೆ ನಿಂತಿರುತ್ತಿದ್ದರು, ಬಹುಶಃ ಜಗಳವಾಡುತ್ತಾ.

ನಾನು ಕೇಳುವುದು ಇದನ್ನು. ಕಾಯಂ ನೇಮಕಾತಿ ಆಗುವವರೆಗೆ ಅತಿಥಿಗಳಿಗೆ ಒಂದು ವರ್ಷದ ಬದಲು ಮೂರು ವರ್ಷದ ಆದೇಶ ಕೊಡಿ, ಒಂದೇ ಕಾಲೇಜಿನಲ್ಲಿ, ರಜೆಯ ತಿಂಗಳೂ ಸೇರಿ. ಮೊದಲ ವರ್ಷ ಸೇರಿದ ಮಕ್ಕಳು ಪದವಿ ಮುಗಿಸುವವರೆಗೆ ಅದೇ ಮೇಷ್ಟ್ರು ಕಣ್ಣೆದುರಿಗೆ ಇರಲಿ. ಬೊಕ್ಕಸಕ್ಕೆ ಹೆಚ್ಚಿಗೆ ಬೀಳುವುದು ರಜೆಯ ಗೌರವಧನವಷ್ಟೆ. ಆ ಮೂರು ವರ್ಷದಲ್ಲಿ ಕಾಯಂ, ಅತಿಥಿ ಎನ್ನದೆ ಪ್ರತಿಯೊಬ್ಬರ ತರಗತಿಯಲ್ಲಿ ಅದೇ ವಿಷಯದ ಇಬ್ಬರು ಸಹೋದ್ಯೋಗಿಗಳು, ಒಬ್ಬರು ಹೊರಗಿನ ಕಾಲೇಜಿನವರು, ಬೆಂಚಿನ ಮೇಲೆ ಕೂತು ಪಾಠ ಕೇಳಲಿ. ಕೇಳಿದ್ದನ್ನು ಒಂದು ಪುಟ ಬರೆಯಲಿ. ತಿದ್ದಿದ ಕಿರುಪರೀಕ್ಷೆಯ ಹಾಳೆಗಳು ಷರಾ ಸಮೇತ ಮಕ್ಕಳ ಕೈಗೆ ವಾಪಸಾಗಲಿ, ಕೆಲವು ಪ್ರತಿಗಳು ಅಧ್ಯಾಪಕರ ದಾಖಲೆಯಲ್ಲಿ ಉಳಿಯಲಿ. ಮುಂದಿನ ಹಂತದ ಪತ್ರಿಕೆಯಲ್ಲಿ ಅವರ ಮಕ್ಕಳು ಹೇಗೆ ಮಾಡಿದರೆಂಬ ಲೆಕ್ಕ ತೆಗೆಯಲು ಯುಯುಸಿಎಂಎಸ್‌ಗೆ ಹೊಸ ಮಾಹಿತಿ ತುಂಬಬೇಕಿಲ್ಲ, ಅಂಕಗಳೆಲ್ಲ ಅಲ್ಲೇ ಬಿದ್ದಿವೆ. ಕಾಯಂ ಹುದ್ದೆ ಭರ್ತಿ ಮಾಡುವಾಗ ಈ ದಾಖಲೆಗೆ ತೂಕ ಕೊಡಿ. ದುರುಪಯೋಗ ಆಗುವುದಿಲ್ಲವೇ? ಆಗುತ್ತದೆ, ಪ್ರಾಂಶುಪಾಲರಿಗೆ ಬೇಕಾದವರು ಹೊಗಳಿಸಿಕೊಳ್ಳುತ್ತಾರೆ. ಅದಕ್ಕೇ ಒಬ್ಬರು ಹೊರಗಿನವರಿರಲಿ ಎಂದದ್ದು. ಹಾಜರಿ ಪುಸ್ತಕದ ಶೇ 80ಕ್ಕಿಂತ ಇದು ವಾಸಿ.

ಇಷ್ಟಕ್ಕೂ ಸಮಯ ಬೇಕು ಎನ್ನುವುದಾದರೆ, ಸಮಯವೇ ಬೇಡದ ಒಂದು ಕೆಲಸವಿದೆ. ಮುಂದಿನ ಶೈಕ್ಷಣಿಕ ವರ್ಷದ ತರಗತಿ ಆರಂಭವಾಗುವ ದಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸರ್ಕಾರಿ ಪದವಿ ಕಾಲೇಜುಗಳ ವೇಳಾಪಟ್ಟಿಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿಸಿ. ಯಾವ ಅವಧಿಯ ಮುಂದೆ ಅಧ್ಯಾಪಕರ ಹೆಸರಿದೆ, ಯಾವುದು ಖಾಲಿಯಿದೆ ಎಂಬುದು ಹಾಗೆಯೇ ಕಾಣಲಿ. ಖಾಲಿ ಜಾಗ ತುಂಬುವವರೆಗೆ ಪ್ರತಿ ಸೋಮವಾರ ಅದನ್ನು ಪರಿಷ್ಕರಿಸಲು ಹೇಳಿ. ಉತ್ತರವನ್ನು ನನಗೆ ಬರೆಯುವುದು ಬೇಡ, ಆ ಪಟ್ಟಿಯನ್ನೇ ಉತ್ತರವೆಂದು ತಿಳಿದುಕೊಳ್ಳುತ್ತೇನೆ.

ಇತಿ,
ನಿವೃತ್ತ ಉಪನ್ಯಾಸಕ
ಹೊಳೆನರಸೀಪುರ